ಆಟದ ಅಂಗಳ, ಅಂಚೆಯ ಪಾಠ

ಆಟಪಾಠ ಎಂಬುದು ನಮ್ಮ ಮಾತಿನಲ್ಲಿ ಎಷ್ಟೋ ಕಾಲದಿಂದ ಕೂಡಿಯೇ ಬಂದಿರುವ ಜೋಡುನುಡಿ. ಬಹುದಿನಗಳ ಮೇಲೆ ಮನೆಗೆ ಬಂದ ನಂಟರು ಮಕ್ಕಳನ್ನು ಹತ್ತಿರ ಕರೆದು ಆಟಪಾಠಗಳೆಲ್ಲ ಚೆನ್ನಾಗಿ ನಡೆದಿವೆಯೇ ಎಂದು ವಿಚಾರಿಸುತ್ತಾರೆ. ನುಡಿಯಲ್ಲಿ ಹೀಗೆ ಒಂದಾಗಿರುವ ಈ ಎರಡು ಪದಗಳು ಬಾಳಿನಲ್ಲಿ ಮಾತ್ರ ಹೈಸ್ಕೂಲಿನ ಮೆಟ್ಟಿಲು ಹತ್ತುವ ಹೊತ್ತಿಗೆ ಬೇರ್ಪಟ್ಟುಬಿಡುತ್ತವೆ. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಂತೆ ಬ್ಯಾಟು ಅಟ್ಟ ಸೇರುತ್ತದೆ. ಹುಡುಗನ ಕೈಗುಣ ತೀರ ಅಸಾಧಾರಣವಾಗಿದ್ದರೆ, ಮನೆಯ ಹಿರಿಯರಿಗೆ ಅಷ್ಟು ಧೈರ್ಯವೂ ಇದ್ದರೆ, ಅಟ್ಟ ಸೇರುವುದು ಪುಸ್ತಕ. ಎರಡೂ ಕೆಳಗೇ ಉಳಿದ ಮನೆಗಳು ವಿರಳ.

ಆಟವನ್ನೇ ಜೀವನೋಪಾಯವಾಗಿ ಆರಿಸಿಕೊಂಡವನು ವಿಶ್ವವಿದ್ಯಾನಿಲಯದ ಓದನ್ನೂ ಜೊತೆಯಲ್ಲಿ ನಡೆಸಿಕೊಂಡು ಹೋಗಬಲ್ಲನೇ, ಹೋಗಬಲ್ಲನಾದರೆ ಯಾವ ಬಗೆಯಲ್ಲಿ, ಎಂಬುದನ್ನು ಈ ಹೊತ್ತು ನಿಮ್ಮೊಡನೆ ಕೊಂಚ ಯೋಚಿಸಬೇಕೆಂದಿದ್ದೇನೆ. ಹವ್ಯಾಸಕ್ಕಾಗಿ ಆಡುವವನ ಮಾತು ಬೇರೆ; ಅವನ ದಿನ ಅವನ ಕೈಯಲ್ಲಿರುತ್ತದೆ. ವೃತ್ತಿಪರ ಆಟಗಾರನ ದಿನ ಅವನದಲ್ಲ. ಯಾವ ವಾರ ಯಾವ ಊರಿನಲ್ಲಿರಬೇಕೆಂಬುದನ್ನು ತಂಡ ಹೇಳುತ್ತದೆ. ಏನು ತಿನ್ನಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ಎಷ್ಟು ಹೊತ್ತಿಗೆ ದೀಪ ಆರಿಸಬೇಕೆಂಬುದನ್ನು ತರಬೇತುದಾರರು ಹೇಳುತ್ತಾರೆ. ಕಾಲೇಜಾದರೋ ಅದೇ ಹುಡುಗನನ್ನು ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಬೆಂಚಿನ ಮೇಲೆ ನೋಡಬಯಸುತ್ತದೆ, ಹಾಜರಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಒಬ್ಬ ಆಳು, ಇಬ್ಬರು ಯಜಮಾನರು.

ಈ ಇಕ್ಕಟ್ಟಿನ ಬೆಲೆ ಎಷ್ಟೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಎರಪಳ್ಳಿ ಪ್ರಸನ್ನ ಅವರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1962ರ ಜನವರಿಯಲ್ಲಿ, ಮದರಾಸಿನಲ್ಲಿ, ಇಂಗ್ಲೆಂಡಿನ ಎದುರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿ ಬಂದರು. ಬಂದವರು ಮೈಸೂರಿನಲ್ಲಿ ತಮ್ಮ ಎಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸಲು ನಿಂತರು. ಅವರ ಮುಂದಿನ ಟೆಸ್ಟ್ ಪಂದ್ಯ ನಡೆದದ್ದು 1967ರ ಜನವರಿಯಲ್ಲಿ, ಮತ್ತೆ ಮದರಾಸಿನಲ್ಲಿ. ನಡುವೆ ಸುಮಾರು ಐದು ವರ್ಷಗಳು ಕಳೆದುಹೋಗಿದ್ದವು. ಆಮೇಲಿನದು ಎಲ್ಲರೂ ಬಲ್ಲ ಚರಿತ್ರೆ: 1967–68ರಲ್ಲಿ ಆಸ್ಟ್ರೇಲಿಯಾದಲ್ಲಿ 25 ವಿಕೆಟ್, ಅದರ ಬೆನ್ನಿಗೇ ನ್ಯೂಜಿಲೆಂಡಿನಲ್ಲಿ 24 ವಿಕೆಟ್, ಭಾರತ ಪರದೇಶದ ನೆಲದಲ್ಲಿ ಗೆದ್ದ ಮೊತ್ತಮೊದಲ ಟೆಸ್ಟ್ ಸರಣಿ ಆ ನ್ಯೂಜಿಲೆಂಡ್ ಸರಣಿಯೇ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇದರಿಂದ ಒಂದು ನೀತಿಯನ್ನು ತೆಗೆಯುತ್ತಾರೆ: ನೋಡಿ, ಓದನ್ನೂ ಮುಗಿಸಿದರು, ಆಟಕ್ಕೂ ಮರಳಿದರು, ಏನು ನಷ್ಟವಾಯಿತು? ನನಗೆ ಹಾಗೆ ಅನಿಸುವುದಿಲ್ಲ. ಸ್ಪಿನ್ ಬೌಲಿಂಗ್ ನಿಧಾನವಾಗಿ ಹಣ್ಣಾಗುವ ಕಲೆ. ಇಪ್ಪತ್ತಾರರಲ್ಲಿ ಬಂದವನಿಗೂ ಅಲ್ಲಿ ಎಡೆಯುಂಟು. ಓಟಗಾರನೊಬ್ಬ, ಈಜುಗಾರನೊಬ್ಬ, ಜಿಮ್ನಾಸ್ಟಿಕ್ಸಿನ ಹುಡುಗಿಯೊಬ್ಬಳು ಇಪ್ಪತ್ತೊಂದರಿಂದ ಇಪ್ಪತ್ತಾರರವರೆಗೆ ದೂರ ಉಳಿದರೆ ಮರಳಿ ಬರಲು ದಾರಿಯೇ ಇರುವುದಿಲ್ಲ. ಪ್ರಸನ್ನ ಅವರ ಲೆಕ್ಕದಲ್ಲಿಯೂ 49 ಟೆಸ್ಟುಗಳ 189 ವಿಕೆಟ್ಟುಗಳು ಸೇರಿವೆಯೇ ಹೊರತು ಆ ಐದು ವರ್ಷಗಳಲ್ಲಿ ಆಡದೆ ಹೋದ ಪಂದ್ಯಗಳ ವಿಕೆಟ್ಟುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರ ಮುಂದಿನ ಪೀಳಿಗೆಯ ಅನಿಲ್ ಕುಂಬ್ಳೆ ಅವರ ಟೆಸ್ಟ್ ಜೀವನದ ಮೊದಲ ಪುಟದಲ್ಲಿಯೂ ಇಂಥದೇ ಒಂದು ಸಂದು ಕಾಣುತ್ತದೆ. ಮೊದಲ ಟೆಸ್ಟ್ 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ. ಎರಡನೆಯದು 1992ರ ಅಕ್ಟೋಬರಿನಲ್ಲಿ ಹರಾರೆಯಲ್ಲಿ. ಬೆಂಗಳೂರಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಕೈಗೆ ಬಂದದ್ದು ಆ ಸಂದಿನಲ್ಲಿ.

ಒಂದು ಕಾಕತಾಳೀಯವನ್ನು ಇಲ್ಲಿ ಹೇಳಬೇಕು. ಪ್ರಸನ್ನ ಅವರು ಮೊದಲ ಟೆಸ್ಟ್ ಆಡಿದ ಆ 1962ನೆಯ ಇಸವಿಯಲ್ಲಿಯೇ ದೆಹಲಿ ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಕಳುಹಿಸುವ ಶಾಲೆಯೊಂದನ್ನು ತೆರೆಯಿತು. ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯವೊಂದು ಇಂಥ ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲು. ಕೆಲವು ವರ್ಷಗಳ ಮೇಲೆ, 1969ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವೂ ಆ ದಾರಿ ಹಿಡಿಯಿತು. ಅದಕ್ಕೆ ಕನ್ನಡದಲ್ಲಿ ಕೊಟ್ಟ ಹೆಸರು ಅಂಚೆ ತೆರಪಿನ ಶಿಕ್ಷಣ. ಈ ಹೆಸರನ್ನು ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ತೆರಪು ಎಂದರೆ ಬಿಡುವು. ಎರಡು ಕೆಲಸಗಳ ನಡುವೆ ದೊರೆಯುವ ಎಡೆ. ಅನಂತರ ಬಳಕೆಗೆ ಬಂದ ದೂರಶಿಕ್ಷಣ ಎಂಬ ಮಾತು ಮನೆಗೂ ಕಾಲೇಜಿಗೂ ಇರುವ ಹಾದಿಯನ್ನಷ್ಟೇ ಅಳೆಯುತ್ತದೆ. ತೆರಪು ಎಂಬ ಪದ ಕಾಲದ ಮಾತನ್ನು ಆಡುತ್ತದೆ. ಆಟಗಾರನ ತೊಂದರೆಯಲ್ಲಿ ಹಾದಿಯ ಪಾಲು ಸ್ವಲ್ಪ, ಕಾಲದ ಪಾಲು ಬಹಳ.

ಪಾಠವನ್ನು ಅಂಚೆಯಲ್ಲಿ ಕಳುಹಿಸಬಹುದೆಂಬುದು ಬಹಳ ಹಳೆಯ ಯೋಚನೆಯೇ. ಲಂಡನ್ ವಿಶ್ವವಿದ್ಯಾನಿಲಯ 1858ರಷ್ಟು ಹಿಂದೆಯೇ ತನ್ನ ತರಗತಿಗಳಲ್ಲಿ ಕೂರದವರಿಗೂ ಪರೀಕ್ಷೆಯ ಬಾಗಿಲು ತೆರೆದಿತ್ತು. ಆದರೆ ಅಲ್ಲಿ ತೆರೆದದ್ದು ಪರೀಕ್ಷೆಯ ಬಾಗಿಲು ಮಾತ್ರ. ಓದುವ ಕಷ್ಟ ಓದುವವನದೇ ಆಗಿತ್ತು. ಪಾಠವನ್ನೇ ಬೇರೆ ರೀತಿಯಲ್ಲಿ ಕಟ್ಟಬೇಕು ಎಂಬ ವಿಚಾರ ಬಲಿತದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಮೊದಲ ಪಾಠಗಳನ್ನು ಆರಂಭಿಸಿದಾಗ ಅದರ ನೆರವಿಗೆ ನಿಂತದ್ದು ಬಿ.ಬಿ.ಸಿ.ಯ ರೇಡಿಯೋ ಮತ್ತು ದೂರದರ್ಶನ. ನಾನು ಈ ಮೈಕಿನ ಮುಂದೆ ಕುಳಿತು ಈ ಮಾತನ್ನು ಆಡುತ್ತಿರುವುದರಲ್ಲಿ ಒಂದು ಔಚಿತ್ಯವಿದೆ ಎಂದು ನೀವೂ ಒಪ್ಪುವಿರಿ. ಆ ವಿಶ್ವವಿದ್ಯಾನಿಲಯ ಪ್ರವೇಶಕ್ಕೆ ಹಿಂದಿನ ಯಾವ ಪದವಿ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಆ ದಿನಗಳಲ್ಲಿ ಇದು ಸಣ್ಣ ಸಾಹಸವಲ್ಲ.

ಜರ್ಮನಿಯ ಅಟೋ ಪೀಟರ್ಸ್ ಎಂಬ ವಿದ್ವಾಂಸರು ಈ ವ್ಯವಸ್ಥೆಯ ಒಳಗನ್ನು ಬಗೆದು ನೋಡಿ ಹೇಳಿದ ಮಾತೊಂದು ವಿಚಾರಾರ್ಹವಾಗಿದೆ. ದೂರಶಿಕ್ಷಣವೆಂದರೆ ಬೋಧನೆಯ ಕಾರ್ಖಾನೆ ರೂಪ ಎಂಬುದು ಅವರ ಸಿದ್ಧಾಂತ. ಹಳೆಯ ಗುರು ನೇಕಾರನಂತೆ: ನೂಲು ತೆಗೆಯುವವನೂ ಅವನೇ, ನೇಯುವವನೂ ಅವನೇ, ಬಟ್ಟೆ ಮಾರುವವನೂ ಅವನೇ. ಕಾರ್ಖಾನೆಯಲ್ಲಿ ಹಾಗಲ್ಲ. ಪಾಠವನ್ನು ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ತಿದ್ದಿ ಅಚ್ಚಿಗೆ ಸಿದ್ಧಪಡಿಸುತ್ತಾರೆ, ಮತ್ತೊಬ್ಬರು ಉತ್ತರಗಳಿಗೆ ಅಂಕ ಹಾಕುತ್ತಾರೆ. ಒಮ್ಮೆ ಬರೆದ ಪಾಠ ಸಾವಿರ ಮನೆಗಳಿಗೆ ಹೋಗುತ್ತದೆ. ನೇಕಾರನ ಹೋಲಿಕೆ ನನ್ನದು. ಪೀಟರ್ಸ್ ಅವರ ಮೇಲೆ ಆ ಹೊಣೆ ಹೊರಿಸಬಾರದು. ಕಾರ್ಖಾನೆ ಎಂದೊಡನೆ ಸಾಹಿತ್ಯಪ್ರಿಯರಾದ ನಮಗೆ ಸ್ವಲ್ಪ ಕಸಿವಿಸಿಯಾಗುವುದು ಸಹಜ. ಆದರೆ ಗುರುವಿನ ದೇಹದಿಂದ ಪಾಠ ಬೇರ್ಪಟ್ಟದ್ದರಿಂದಲೇ ಅದು ಗುರು ನಿದ್ರಿಸುವ ಹೊತ್ತಿನಲ್ಲಿ, ಗುರು ಕಾಣದ ಊರಿನಲ್ಲಿ ತೆರೆದುಕೊಳ್ಳುವುದು ಸಾಧ್ಯವಾಯಿತು. ಹಾಜರಿ ಪುಸ್ತಕಕ್ಕೆ ಸಿಗದವರಿಗೆಲ್ಲ ಇದರಿಂದ ಉಪಕಾರವಾಗಿದೆ: ಹಡಗಿನಲ್ಲಿ ದುಡಿಯುವವರಿಗೆ, ಗಡಿಯಲ್ಲಿರುವ ಸೈನಿಕರಿಗೆ, ತೊಟ್ಟಿಲು ತೂಗುವ ತಾಯಂದಿರಿಗೆ. ಆಟಗಾರ ಈ ಸಾಲಿಗೇ ಸೇರಿದವನು.

ಪೀಟರ್ಸ್ ಅವರು ಮೊದಲ ಕುಲಪತಿಯಾಗಿ ಕಟ್ಟಿ ನಿಲ್ಲಿಸಿದ ವಿಶ್ವವಿದ್ಯಾನಿಲಯವೊಂದು ಪಶ್ಚಿಮ ಜರ್ಮನಿಯ ಹೇಗನ್ ಎಂಬ ಊರಿನಲ್ಲಿ 1974ರಲ್ಲಿ ಸ್ಥಾಪನೆಯಾಯಿತು; ಮರುವರ್ಷ ಅಲ್ಲಿ ಪಾಠ ಶುರುವಾಯಿತು. ವಿದ್ಯಾರ್ಥಿಗೆ ಪಾಠದ ಕಟ್ಟುಗಳು ಅಂಚೆಯಲ್ಲಿ ಬರುತ್ತವೆ. ಅವನು ಅಭ್ಯಾಸದ ಉತ್ತರಗಳನ್ನು ಬರೆದು ಹಿಂದಕ್ಕೆ ಕಳುಹಿಸಬೇಕು. ಅವುಗಳಲ್ಲಿ ತೇರ್ಗಡೆಯಾದ ಮೇಲೆ ಪರೀಕ್ಷೆಗೆ ಖುದ್ದಾಗಿ ಬಂದು ಕೂರಬೇಕು. ಪೂರ್ಣ ಕಾಲದ ವಿದ್ಯಾರ್ಥಿಯಾಗಿಯೂ ಸೇರಬಹುದು, ಅರೆಕಾಲದ ವಿದ್ಯಾರ್ಥಿಯಾಗಿಯೂ ಸೇರಬಹುದು. ಇಂದು ಅಂಚೆಯ ಕೆಲಸದ ಬಹುಭಾಗವನ್ನು ಗಣಕಯಂತ್ರದ ತೆರೆಯೇ ಮಾಡುತ್ತಿದೆಯೆಂಬುದು ನಿಜ. ಆದರೂ ಕ್ರಮ ಬದಲಾಗಿಲ್ಲ.

ಈ ಹೇಗನ್ನಿನ ವಿದ್ಯಾರ್ಥಿಗಳಲ್ಲಿ ಒಬ್ಬರು ಆಲಿವರ್ ಬಿಯರ್‌ಹೋಫ್. ಫುಟ್‌ಬಾಲ್ ಬಲ್ಲವರಿಗೆ ಈ ಹೆಸರಿನ ಪರಿಚಯ ಬೇಕಾಗಿಲ್ಲ. 1968ರಲ್ಲಿ ಹುಟ್ಟಿದವರು, ಹದಿನೆಂಟರ ಸುಮಾರಿಗೆ ವೃತ್ತಿಪರ ಆಟಕ್ಕೆ ಇಳಿದವರು. ಮೊದಲ ವರ್ಷಗಳಲ್ಲಿ ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ. ಜರ್ಮನಿಯ ತಂಡದಿಂದ ತಂಡಕ್ಕೆ ಅಲೆದು, ಆಸ್ಟ್ರಿಯಾದಲ್ಲಿ ಒಂದು ವರ್ಷ ಆಡಿ, 1991ರಲ್ಲಿ ಇಟಲಿಯ ಆಸ್ಕೊಲಿ ಎಂಬ ಸಣ್ಣ ಊರಿನ ತಂಡ ಸೇರಿದರು. ಮೊದಲ ಋತುವಿನಲ್ಲಿ ಅವರು ಹೊಡೆದದ್ದು 2 ಗೋಲು. ತಂಡವೂ ಎರಡನೆಯ ದರ್ಜೆಗೆ ಇಳಿಯಿತು. ಮರುವರ್ಷ ಆ ಎರಡನೆಯ ದರ್ಜೆಯಲ್ಲಿ 20 ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತರು. ಆಮೇಲೆ ಉಡಿನೆ, ಆಮೇಲೆ ಮಿಲಾನ್, ಆಮೇಲೆ ಮೊನಾಕೊ, ಕಡೆಗೆ ವೆರೋನಾ. ತಂಡ ಬದಲಾಯಿತು, ಊರು ಬದಲಾಯಿತು, ದೇಶವೂ ಬದಲಾಯಿತು. ಬದಲಾಗದೆ ಉಳಿದದ್ದು ಹೇಗನ್ನಿನ ವಿಳಾಸ. ಊರೂರಿನ ಕಾಲೇಜನ್ನು ನಂಬಿಕೊಂಡಿದ್ದರೆ ಪ್ರತಿ ವರ್ಗಾವಣೆಗೂ ಓದು ಒಂದೊಂದು ಸಲ ಕಡಿದುಹೋಗುತ್ತಿತ್ತು.

1996ರ ಜೂನ್ 30ರಂದು ಲಂಡನ್ನಿನ ವೆಂಬ್ಲಿ ಅಂಗಳದಲ್ಲಿ ಯೂರೋಪಿನ ರಾಷ್ಟ್ರಗಳ ಪಂದ್ಯಾವಳಿಯ ಅಂತಿಮ ಪಂದ್ಯ. ಜರ್ಮನಿ ಚೆಕ್ ತಂಡಕ್ಕಿಂತ ಒಂದು ಗೋಲಿನಿಂದ ಹಿಂದಿತ್ತು. 69ನೆಯ ನಿಮಿಷದಲ್ಲಿ ಬಿಯರ್‌ಹೋಫ್ ಬದಲಿ ಆಟಗಾರರಾಗಿ ಇಳಿದರು. ನಾಲ್ಕು ನಿಮಿಷಗಳಲ್ಲಿ ಸಮ ಮಾಡಿದರು. ಹೆಚ್ಚುವರಿ ಸಮಯದ ಐದನೆಯ ನಿಮಿಷದಲ್ಲಿ ಇನ್ನೊಂದು ಗೋಲು. ಮೊದಲ ಗೋಲು ಬಿದ್ದೊಡನೆ ಆಟ ಮುಗಿಯಬೇಕೆಂಬ ಅಂದಿನ ನಿಯಮದಂತೆ ಆ ಕ್ಷಣವೇ ಜರ್ಮನಿ ಗೆದ್ದಿತು. ಆ ರಾತ್ರಿ ಪತ್ರಿಕೆಗಳು ಆ ಗೋಲನ್ನು ಹಾಡಿ ಹೊಗಳುತ್ತಿದ್ದಾಗ ಗೋಲು ಹೊಡೆದ ಇಪ್ಪತ್ತೆಂಟರ ಆ ಮನುಷ್ಯ ಇನ್ನೂ ಪದವಿ ಪಡೆಯದ ವಿದ್ಯಾರ್ಥಿ, ಅದೂ ತನ್ನ ಓದಿನ ನಟ್ಟನಡುವೆ ಇದ್ದವನು, ಎಂಬುದು ಎಷ್ಟು ಜನರಿಗೆ ನೆನಪಿದ್ದೀತು?

ಅವರು ವಾಣಿಜ್ಯಾಡಳಿತದ ಪದವಿಯನ್ನು ಪಡೆದದ್ದು 2002ರಲ್ಲಿ. ಹಿಡಿದ ಕಾಲ 26 ಸೆಮಿಸ್ಟರುಗಳು, ಅಂದರೆ ಹದಿಮೂರು ವರ್ಷಗಳು. ಕಡೆಯ ಪ್ರಬಂಧಕ್ಕೆ ಅವರು ಆರಿಸಿಕೊಂಡ ವಿಷಯ ಫುಟ್‌ಬಾಲ್ ಕ್ಲಬ್ಬುಗಳು ಷೇರು ಪೇಟೆಗೆ ಇಳಿಯುವಾಗ ಷೇರಿನ ಬೆಲೆಯನ್ನು ಹೇಗೆ ನಿಗದಿ ಮಾಡಬೇಕು ಎಂಬುದು. ಅವರು ಇಟಲಿಯಲ್ಲಿ ಆಡುತ್ತಿದ್ದ ಕಾಲದಲ್ಲಿಯೇ, 1998ರಲ್ಲಿ, ಲಾತ್ಸಿಯೊ ಎಂಬ ಕ್ಲಬ್ ಆ ದೇಶದಲ್ಲಿ ಮೊದಲಾಗಿ ಷೇರು ಪೇಟೆಗೆ ಬಂದಿತ್ತು. ಹಿಂದೆಯೇ ರೋಮಾ ಮತ್ತು ಯುವೆಂಟಸ್ ಬಂದವು. ಪುಸ್ತಕದ ವಿಷಯ ಅಂಗಳದ ಆಚೆ ಬದಿಯಲ್ಲಿಯೇ ನಡೆಯುತ್ತಿತ್ತು. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗೆ ಸುಲಭವಾಗಿ ದೊರೆಯದ ಅನುಕೂಲ ಇದು.

ಹದಿಮೂರು ವರ್ಷ ಎಂದೊಡನೆ ನಮ್ಮಲ್ಲಿ ಕೆಲವರು ನಗಬಹುದು. ಮೂರು ವರ್ಷದ ಪದವಿಗೆ ಹದಿಮೂರು ವರ್ಷ ತೆಗೆದುಕೊಂಡ ಹುಡುಗನನ್ನು ನಮ್ಮ ಓಣಿಗಳಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ನಾನು ಹೇಳಬೇಕಾಗಿಲ್ಲ. ಆದರೆ ನನ್ನ ಮಟ್ಟಿಗೆ ಈ ಇಡೀ ವೃತ್ತಾಂತದಲ್ಲಿ ಮನಸ್ಸು ನಿಲ್ಲುವುದು ವೆಂಬ್ಲಿಯ ಗೋಲಿಗಿಂತ ಆ 26 ಎಂಬ ಅಂಕಿಯ ಮೇಲೆ. ಆಟಗಾರನ ಕಾಲ ಸಮವಾಗಿ ಹರಿಯುವ ಕಾಲವಲ್ಲ. ಆಟದ ಋತುವಿನಲ್ಲಿ ವಾರಕ್ಕೆ ಒಂದು ಅಥವಾ ಎರಡು ಪಂದ್ಯ. ಪಂದ್ಯದ ಹಿಂದಿನ ದಿನ ಪ್ರಯಾಣ, ಮರುದಿನ ಮೈಕೈ ನೋವು. ಬೆಳಗಿನ ಅಭ್ಯಾಸ ಮುಗಿದ ಮೇಲೆ ಗಂಟೆಗಳೇನೋ ಉಳಿಯುತ್ತವೆ. ಆದರೆ ದಣಿದ ಮೈಯಲ್ಲಿರುವ ಮನಸ್ಸು ಅಂಕಿಅಂಶಗಳ ಪುಟವನ್ನು ನೋಡಿದೊಡನೆ ಜಾರಿಹೋಗುತ್ತದೆ. ಹೋಟೆಲಿನ ಕೋಣೆಯಲ್ಲಿ ಜೊತೆಗಾರನೊಬ್ಬನಿರುತ್ತಾನೆ. ಅವನಿಗೆ ಇಸ್ಪೀಟು ಬೇಕು, ಹಾಡು ಬೇಕು. ಮನೆಯಲ್ಲಿ ಓದುವವನ ಒಂಟಿತನವನ್ನು ಎಲ್ಲರೂ ಬಲ್ಲರು. ಗುಂಪಿನ ನಡುವೆ ಕುಳಿತು ಓದುವವನ ಒಂಟಿತನ ಇನ್ನೊಂದು ಬಗೆಯದು. ಸೋತ ಪಂದ್ಯದ ಮರುದಿನ ಅವನ ಕೈಯಲ್ಲಿ ಪುಸ್ತಕ ಕಂಡರೆ ಓದಿನಿಂದಲೇ ಆಟ ಕೆಟ್ಟಿತೆಂದು ಹೇಳುವವರೂ ಇದ್ದಾರೆ.

ಹೀಗಿದ್ದೂ ಅದೇ ಆಟಗಾರನಿಗೆ ಒಮ್ಮೊಮ್ಮೆ ತಿಂಗಳುಗಟ್ಟಲೆ ತೆರಪು ಒದಗುತ್ತದೆ. ಋತು ಮುಗಿದ ಬೇಸಗೆ ಒಂದು. ಇನ್ನೊಂದು, ಯಾರೂ ಬಯಸದ ತೆರಪು: ಮೊಣಕಾಲು ಉಳುಕಿ, ಸ್ನಾಯು ಹರಿದು ಹಾಸಿಗೆ ಹಿಡಿದ ದಿನಗಳು. ಮ್ಯಾಂಚೆಸ್ಟರ್ ಸಿಟಿಯ ನಾಯಕರಾಗಿದ್ದ ಬೆಲ್ಜಿಯಂನ ವಿನ್ಸೆಂಟ್ ಕೊಂಪನಿ ಅವರು ಮ್ಯಾಂಚೆಸ್ಟರಿನಲ್ಲಿಯೇ ಅರೆಕಾಲದ ವಿದ್ಯಾರ್ಥಿಯಾಗಿ ವಾಣಿಜ್ಯಾಡಳಿತದ ಸ್ನಾತಕೋತ್ತರ ಪದವಿಯನ್ನು 2017ರಲ್ಲಿ ಮುಗಿಸಿದರು. ಅವರ ಓದಿನ ಆ ವರ್ಷಗಳೇ ಅವರನ್ನು ಕಾಲಿನ ಗಾಯಗಳು ಮತ್ತೆ ಮತ್ತೆ ಅಂಗಳದಿಂದ ಹೊರಗಿಟ್ಟ ವರ್ಷಗಳೂ ಹೌದು. ತೆರಪು ಯಾವಾಗ ಬರುತ್ತದೆ, ಎಷ್ಟು ದಿನ ಇರುತ್ತದೆ ಎಂಬುದು ಮೊದಲೇ ತಿಳಿಯುವಂತಿಲ್ಲ. ಆದ್ದರಿಂದ ಆಟಗಾರನಿಗೆ ಬೇಕಾದದ್ದು ಬೇಗ ಕಲಿಸುವ ವಿಶ್ವವಿದ್ಯಾನಿಲಯವಲ್ಲ. ಅವನು ಮೂರು ತಿಂಗಳು ಕಣ್ಮರೆಯಾದರೆ ಹೆಸರು ಹೊಡೆಯದೆ, ಮರಳಿ ಬಂದಾಗ ಬಿಟ್ಟ ಪುಟದಿಂದಲೇ ಮುಂದುವರಿಸಲು ಬಿಡುವ ವಿಶ್ವವಿದ್ಯಾನಿಲಯ ಅವನಿಗೆ ಬೇಕು. ಹೇಗನ್ ಆ ಹದಿಮೂರು ವರ್ಷಗಳಲ್ಲಿ ಬಿಯರ್‌ಹೋಫ್ ಅವರಿಗೆ ಮಾಡಿದ ದೊಡ್ಡ ಉಪಕಾರವೆಂದರೆ ಕಾಯ್ದದ್ದು.

ತಂಡದವರೂ ಒಮ್ಮೊಮ್ಮೆ ಕಾಯಬೇಕಾಗುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ದೈತ್ಯ ಶಕೀಲ್ ಓನೀಲ್ ಅವರು 1992ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ವೃತ್ತಿಪರ ಆಟಕ್ಕೆ ಹೋದವರು. ಪದವಿ ಮುಗಿಸುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದರು. 2000ದ ಡಿಸೆಂಬರಿನಲ್ಲಿ ಘಟಿಕೋತ್ಸವದ ದಿನ ಬಂದಾಗ ಅವರ ತಂಡಕ್ಕೆ ಪಂದ್ಯವಿತ್ತು. ತರಬೇತುದಾರರು ಅವರನ್ನು ಬಿಟ್ಟುಕೊಟ್ಟರು. ಎಲ್ಲ ತಂಡಗಳೂ ಎಲ್ಲ ಆಟಗಾರರನ್ನೂ ಹೀಗೆ ಬಿಟ್ಟುಕೊಡುತ್ತವೆಯೆಂದು ಭಾವಿಸುವಂತಿಲ್ಲ. ಅವರು ಓನೀಲ್ ಆಗಿದ್ದರು.

ಇಲ್ಲಿ ಒಂದು ಮಾತನ್ನು ಬದಿಗೆ ಹೇಳಿಬಿಡುತ್ತೇನೆ. ಆಟಗಾರ ಓದುವುದಾದರೆ ವಾಣಿಜ್ಯಾಡಳಿತವನ್ನೇ ಓದಬೇಕೆಂಬ ಭಾವನೆ ಎಲ್ಲೆಡೆ ಬೇರೂರಿದೆ. ಹಣ ಬರುತ್ತದೆ, ಹಣ ನೋಡಿಕೊಳ್ಳಲು ಕಲಿಯಲಿ ಎಂಬುದು ಅದರ ತರ್ಕ. ಆದರೆ ಹದಿನೈದು ವರ್ಷ ಮೈಯನ್ನೇ ದುಡಿಸಿದವನಿಗೆ ಚರಿತ್ರೆಯೋ ಕಾವ್ಯವೋ ತತ್ತ್ವಶಾಸ್ತ್ರವೋ ಬೇಕೆನಿಸಿದರೆ ಅದನ್ನು ವ್ಯರ್ಥವೆಂದು ಹೇಳಲು ನಾವು ಯಾರು? ಅಂಚೆಯಲ್ಲಿ ಬರಲಾಗದ ವಿದ್ಯೆಗಳು ಬೇರೆ ಇವೆ. ಪ್ರಯೋಗಶಾಲೆ ಬೇಡುವ ವಿಜ್ಞಾನ, ರೋಗಿಯ ಪಕ್ಕದಲ್ಲಿ ನಿಂತು ಕಲಿಯಬೇಕಾದ ವೈದ್ಯ ಇವು ಕಟ್ಟಿನಲ್ಲಿ ಕಟ್ಟಿ ಕಳುಹಿಸುವ ವಿದ್ಯೆಗಳಲ್ಲ. ಪ್ರಸನ್ನ ಅವರ ಎಂಜಿನಿಯರಿಂಗನ್ನು ಅಂದಿನ ದೆಹಲಿಯ ಅಂಚೆ ಶಾಲೆಯೂ ಕಲಿಸುತ್ತಿರಲಿಲ್ಲ. ಅವರ ಐದು ವರ್ಷಗಳನ್ನು ಯಾವ ಅಂಚೆಯವನೂ ತಂದುಕೊಡುವಂತಿರಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ನಮ್ಮ ದೇಶ ಈ ಪ್ರಶ್ನೆಗೆ ಬಹುಕಾಲ ಬೇರೊಂದು ಉತ್ತರವನ್ನು ಕೊಟ್ಟುಕೊಂಡು ಬಂತು. ಆ ಉತ್ತರ ಪದವಿಯಲ್ಲ, ನೌಕರಿ. ರೈಲ್ವೆ, ಬ್ಯಾಂಕು, ಪೊಲೀಸ್ ಇಲಾಖೆ, ಸರ್ಕಾರಿ ಕಾರ್ಖಾನೆ ಇವು ಒಳ್ಳೆಯ ಆಟಗಾರನನ್ನು ಕೆಲಸಕ್ಕೆ ತೆಗೆದುಕೊಂಡು ತಮ್ಮ ತಂಡದಲ್ಲಿ ಆಡಿಸುತ್ತಿದ್ದವು. ಆಟ ನಿಂತ ಮೇಲೆಯೂ ಮೇಜು ಕುರ್ಚಿ ಉಳಿಯುತ್ತಿತ್ತು, ನಿವೃತ್ತಿಯ ದಿನ ಹಾರ ಬೀಳುತ್ತಿತ್ತು. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ಆಟಗಾರನನ್ನು ಗುರುತಿಸಿ ಹಣ ಎಣಿಸುವುದನ್ನು ಮರೆತು ಪಂದ್ಯದ ಮಾತೆತ್ತಿದ ಅನುಭವ ನನ್ನ ವಯಸ್ಸಿನವರಲ್ಲಿ ಹಲವರಿಗೆ ಇರಬೇಕು. ಆ ಏರ್ಪಾಡು ಪೂರ್ತಿ ಅಳಿದಿಲ್ಲ. ಆದರೆ 2008ರಲ್ಲಿ ಕ್ರಿಕೆಟ್ಟಿನ ಐ.ಪಿ.ಎಲ್., 2014ರಲ್ಲಿ ವೃತ್ತಿಪರ ಕಬಡ್ಡಿಯ ಮತ್ತು ಫುಟ್‌ಬಾಲಿನ ಲೀಗುಗಳು ಬಂದ ಮೇಲೆ ಹದಿನೆಂಟು ಇಪ್ಪತ್ತರ ಹುಡುಗ ಹರಾಜಿನಲ್ಲಿ ಬೆಲೆ ಕಟ್ಟಿಸಿಕೊಂಡು ನೇರವಾಗಿ ತಂಡ ಸೇರುತ್ತಾನೆ. ಕರಾರು ಒಂದು ವರ್ಷದ್ದೋ ಎರಡು ವರ್ಷದ್ದೋ. ಮುಂದಿನ ಹರಾಜಿನಲ್ಲಿ ಯಾರೂ ಕೈ ಎತ್ತದಿದ್ದರೆ ಅವನ ಹಿಂದೆ ಮೇಜೂ ಇಲ್ಲ, ಕುರ್ಚಿಯೂ ಇಲ್ಲ. ಪದವಿಯ ಮಾತು ಅವನಿಗೆ ಅವನ ಹಿಂದಿನ ತಲೆಮಾರಿಗಿಂತ ಹೆಚ್ಚು ಅಗತ್ಯವಾದದ್ದು ಹೀಗೆ.

ಪಾಠದ ಮಟ್ಟಿಗೆ ನಮ್ಮಲ್ಲಿ ಕೊರತೆಯಿಲ್ಲ. ಆಂಧ್ರದಲ್ಲಿ 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯ, 1985ರಲ್ಲಿ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯ, 1996ರಲ್ಲಿ ಮೈಸೂರಿನ ಹಳೆಯ ಅಂಚೆ ತೆರಪಿನ ಸಂಸ್ಥೆಯಿಂದಲೇ ರೂಪುಗೊಂಡ ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಇಂದಿರಾಗಾಂಧಿ ವಿಶ್ವವಿದ್ಯಾನಿಲಯದಲ್ಲಿ ಜೂನ್ ತಿಂಗಳಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಪರೀಕ್ಷೆ. ಮೂರು ವರ್ಷದ ಪದವಿಗೆ ಆರು ವರ್ಷದವರೆಗೆ ಅವಕಾಶವಿದ್ದದ್ದು ಸಣ್ಣ ಔದಾರ್ಯವಲ್ಲ. 2021ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಕ್ರೆಡಿಟ್ಟುಗಳ ಬ್ಯಾಂಕೊಂದನ್ನು ಏರ್ಪಡಿಸಿತು. ಓದಿ ತೇರ್ಗಡೆಯಾದ ವಿಷಯದ ಕ್ರೆಡಿಟ್ಟು ಠೇವಣಿಯಂತೆ ಅಲ್ಲಿ ಉಳಿಯುತ್ತದೆ, ಮುಂದೆ ಓದು ಹಿಡಿದಾಗ ಅದನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಆಟಗಾರನಿಗೆಂದೇ ಯೋಚಿಸಿದಂತಿದೆ. ಆದರೆ ಆ ಠೇವಣಿಯ ಆಯುಸ್ಸು ಸಾಮಾನ್ಯವಾಗಿ 7 ವರ್ಷ. ಹದಿನೆಂಟರಲ್ಲಿ ಇಟ್ಟದ್ದು ಇಪ್ಪತ್ತೈದಕ್ಕೆ ತೀರುತ್ತದೆ; ಆಟ ತೀರುವುದು ಮೂವತ್ತೆರಡಕ್ಕೆ. ಹೇಗನ್ನಿನ ಆ 26 ಸೆಮಿಸ್ಟರುಗಳು ಈ ಲೆಕ್ಕದಲ್ಲಿ ಹಿಡಿಸುವುದಿಲ್ಲ.

ಮುಕ್ತ ವಿಶ್ವವಿದ್ಯಾನಿಲಯವೊಂದರ ಸಂಪರ್ಕ ತರಗತಿಗಳಲ್ಲಿ ನಾನು ಕೆಲವು ಕಾಲ ಪಾಠ ಹೇಳಿದ್ದೇನೆ. ಭಾನುವಾರದ ತರಗತಿಗಳು ಅವು. ಎಲ್.ಐ.ಸಿ.ಯ ಗುಮಾಸ್ತರು, ಅಂಗನವಾಡಿಯ ಕಾರ್ಯಕರ್ತೆಯರು, ಒಬ್ಬ ಬಸ್ ಕಂಡಕ್ಟರು ಇವರ ನಡುವೆ ಹಿಂದಿನ ಬೆಂಚಿನಲ್ಲಿ ಒಬ್ಬ ಕಬಡ್ಡಿ ಆಟಗಾರ ಕೂರುತ್ತಿದ್ದ. ಎತ್ತರದ ಹುಡುಗ, ಬೆಂಚು ಅವನ ಮೊಣಕಾಲಿಗೆ ಸಾಲದು. ಹಳ್ಳಿಯ ಮಣ್ಣಿನಿಂದ ಎದ್ದು ಬಂದು ಒಂದು ವೃತ್ತಿಪರ ತಂಡ ಸೇರಿದ್ದವನು. ವರ್ಷದಲ್ಲಿ ಮೂರೋ ನಾಲ್ಕೋ ಭಾನುವಾರ ಬರುತ್ತಿದ್ದ, ಬಂದಾಗ ಒಂದು ಮಾತೂ ಬಿಡದಂತೆ ಬರೆದುಕೊಳ್ಳುತ್ತಿದ್ದ. ಉಳಿದಂತೆ ಪಾಠದ ಪುಸ್ತಕಗಳು ಅವನ ಕ್ರೀಡಾಚೀಲದಲ್ಲಿ, ಬೂಟು ಮೊಣಕಾಲುಪಟ್ಟಿಗಳ ಜೊತೆಯಲ್ಲಿ, ಊರೂರು ತಿರುಗುತ್ತಿದ್ದವು. ಅವುಗಳ ರಟ್ಟು ನೋವಿನ ಎಣ್ಣೆಯ ವಾಸನೆ ಹಿಡಿದಿತ್ತು.

ಮೊದಲ ವರ್ಷದ ಪರೀಕ್ಷೆಯ ದಿನಗಳಂದು ಅವನ ತಂಡ ಜೈಪುರದಲ್ಲಿ ಆಡುತ್ತಿತ್ತು. ಪರೀಕ್ಷೆ ತಪ್ಪಿತು. ಎರಡನೆಯ ವರ್ಷ ಮೂರು ಪತ್ರಿಕೆ ಬರೆದ, ನಾಲ್ಕನೆಯದರ ಹೊತ್ತಿಗೆ ತಂಡದಿಂದ ಕರೆ ಬಂತು. ತಪ್ಪು ಯಾರದ್ದೂ ಅಲ್ಲ: ಸಾವಿರಾರು ಜನರ ಪರೀಕ್ಷೆಯನ್ನು ಒಬ್ಬನಿಗಾಗಿ ಮುಂದೂಡಲಾಗದು, ಸಾವಿರಾರು ಜನ ನೋಡುವ ಪಂದ್ಯವನ್ನೂ ಹಾಗೆಯೇ. ಒಂದು ಭಾನುವಾರ ತರಗತಿ ಮುಗಿದ ಮೇಲೆ ಅವನು ನನ್ನೊಡನೆ ಬಸ್ ನಿಲ್ದಾಣದವರೆಗೆ ನಡೆದು ಬಂದ. “ಮೇಷ್ಟ್ರೇ, ಪಾಠ ನಾನಿದ್ದಲ್ಲಿಗೆ ಬರುತ್ತೆ. ಪರೀಕ್ಷೆ ಮಾತ್ರ ನಾನೇ ಅದಿದ್ದಲ್ಲಿಗೆ ಹೋಗಬೇಕು” ಎಂದ. ದೂರಶಿಕ್ಷಣವನ್ನು ಕುರಿತು ನಾನು ಓದಿದ ಯಾವ ಪುಸ್ತಕವೂ ಇಷ್ಟು ಚುಟುಕಾಗಿ ಹೇಳಿರಲಿಲ್ಲ. ಪಾಠ ಕಾರ್ಖಾನೆಯಿಂದ ಬಂದದ್ದು, ಅದಕ್ಕೆ ಎಲ್ಲ ಊರೂ ಒಂದೇ, ಎಲ್ಲ ಗಂಟೆಯೂ ಒಂದೇ. ಪರೀಕ್ಷೆ ಇನ್ನೂ ಹಳೆಯ ಗುರುಕುಲದ ಹೊಸ್ತಿಲಲ್ಲಿಯೇ ನಿಂತಿದೆ. ಇಂಥ ದಿನ, ಇಂಥ ಕೋಣೆ, ಇಂಥ ಬೆಂಚು ಎನ್ನುತ್ತದೆ.

ಪ್ರಾಮಾಣಿಕವಾದ ಪರೀಕ್ಷೆಗೆ ಕಾವಲು ಬೇಕು, ಕಾವಲಿಗೆ ಕೋಣೆ ಬೇಕು ಎಂಬುದನ್ನು ನಾನು ಅಲ್ಲಗಳೆಯಲಾರೆ. ಇಷ್ಟು ವರ್ಷ ಕೊಠಡಿಯ ಮೇಲ್ವಿಚಾರಣೆ ಮಾಡಿದವನು ನಾನು. ಆದರೆ ತಪ್ಪಿದ ಒಂದು ಪತ್ರಿಕೆಗಾಗಿ ತಿಂಗಳೊಪ್ಪತ್ತಿನಲ್ಲಿ ಮತ್ತೊಂದು ದಿನ ಗೊತ್ತುಮಾಡುವುದು, ತಂಡ ಬೀಡು ಬಿಟ್ಟ ಊರಿನ ಕೇಂದ್ರದಲ್ಲಿಯೇ ಕಡೆಯ ವಾರದಲ್ಲಿ ಕೂರಲು ಬಿಡುವುದು, ಆಟ ಬಿಡುವವರೆಗೂ ಕ್ರೆಡಿಟ್ಟುಗಳನ್ನು ಕಾದಿರಿಸುವುದು ಇವು ಕೈಮೀರಿದ ಕೆಲಸಗಳೆಂದು ನನಗೆ ತೋರುವುದಿಲ್ಲ. ಈ ಮೂರೂ ಆದರೆ ಹೆಚ್ಚಿನದೇನನ್ನೂ ಆಟಗಾರ ಕೇಳುತ್ತಿಲ್ಲ. ಪ್ರಶ್ನೆಪತ್ರಿಕೆ ಸುಲಭವಾಗಲಿ ಎಂದು ಆ ಹುಡುಗ ನನ್ನೊಡನೆ ಒಮ್ಮೆಯೂ ಹೇಳಿದವನಲ್ಲ.

ಕಳೆದ ಸಲ ಮನೆಗೆ ಬಂದಾಗ ಮುಂದಿನ ಪರೀಕ್ಷೆಯ ಅರ್ಜಿಯನ್ನು ತಂದಿದ್ದ. ಊಟದ ಮೇಜಿನ ಮೇಲೆ ಹರಡಿಕೊಂಡು ಹೆಸರು, ನೋಂದಣಿ ಸಂಖ್ಯೆ, ಬರೆಯಬೇಕಾದ ಪತ್ರಿಕೆಗಳು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ತುಂಬಿದ. ಪರೀಕ್ಷಾ ಕೇಂದ್ರ ಎಂಬಲ್ಲಿ ಪೆನ್ನು ನಿಂತಿತು. ಆ ತಿಂಗಳ ಪಂದ್ಯಗಳ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಆ ಒಂದು ಸಾಲನ್ನು ಖಾಲಿ ಬಿಟ್ಟು, ಅರ್ಜಿಯನ್ನು ಮಡಚಿ ಪುಸ್ತಕದೊಳಗಿಟ್ಟುಕೊಂಡು ಕೊನೆಯ ತಾರೀಖಿನವರೆಗೂ ಕಾಯುತ್ತೇನೆಂದು ಹೇಳಿ ಹೊರಟ.